ಬೆಕ್ಕು ಮುಚ್ಚಿದ ಮೇಲೂ ಮೂಸಿ ನೋಡುವುದೇಕೆ

ಭೂಮಿಯ ಹಸಿ ಇನ್ನೂ ಆರದಿದ್ದ ಕಾಲ ಅದು. ಯಾರು ಎಲ್ಲಿ ಕೂರಬೇಕು ಎಂದು ಬೆಟ್ಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಹೊಳೆಗೆ ತನ್ನ ದಾರಿ ಬಾಯಿಪಾಠವಾಗಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ ಹರಿಯುತ್ತಿತ್ತು. ಗಾಳಿ, ಮಣ್ಣು, ಮನುಷ್ಯರು, ಪ್ರಾಣಿಗಳು, ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು. ತಿಳಿಯುತ್ತಿತ್ತು ಎಂದ ಮಾತ್ರಕ್ಕೆ ಎಲ್ಲರೂ ಎಲ್ಲರನ್ನೂ ವಿಚಾರಿಸುತ್ತಿದ್ದರು ಎಂದಲ್ಲ.

ಆ ಕಾಲದಲ್ಲಿ ಬೆಕ್ಕುಗಳು ಗುಂಡಿ ತೋಡುತ್ತಿರಲಿಲ್ಲ, ಮಣ್ಣು ಮುಚ್ಚುತ್ತಿರಲಿಲ್ಲ. ಎಲ್ಲಿ ಬೇಕೋ ಅಲ್ಲಿ ಕೂತು, ಎದ್ದು ಹೋಗಿಬಿಡುತ್ತಿದ್ದವು.

ಹೊಳೆಯ ದಡದಲ್ಲಿ ಒಂದು ತಾಯಿ ಬೆಕ್ಕಿಗೆ ನಾಲ್ಕು ಮರಿಗಳಿದ್ದವು. ನೀರು ಏರುವ ಸದ್ದು ಕೇಳಿ ಅದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು, ಕಲ್ಲಿನಿಂದ ಕಲ್ಲಿಗೆ ಹಾರಿ, ಆಚೆ ದಡಕ್ಕೆ ಸಾಗಿಸಿತು. ಮೂರು ಮರಿಗಳು ದಾಟಿದವು. ನಾಲ್ಕನೆಯದು ಬೂದು ಬಣ್ಣದ್ದು, ಎಲ್ಲಕ್ಕಿಂತ ಚಿಕ್ಕದು. ಮೂರನೆಯದನ್ನು ಎತ್ತಿಕೊಳ್ಳುವ ಮೊದಲು ತಾಯಿ ಅದಕ್ಕೆ ಹೇಳಿ ಹೋಗಿತ್ತು:

"ನೀನು ಈ ಲಕ್ಕಿ ಗಿಡದ ಬುಡದಲ್ಲೇ ಇರು. ಈಗ ಬಂದೆ."

ಮರಿ ಅಲ್ಲೇ ಇತ್ತು. ನೀರು ಏರಿತು. ಕಲ್ಲುಗಳು ಒಂದೊಂದಾಗಿ ಮುಳುಗಿದವು. ಕತ್ತಲಾಯಿತು, ಬೆಳಕಾಯಿತು. ಮತ್ತೆ ಕತ್ತಲಾಯಿತು, ಮತ್ತೆ ಬೆಳಕಾಯಿತು. ಮರಿ ಅಲ್ಲೇ ಇತ್ತು.

ಮೂರನೆಯ ದಿನ ಹಸಿವು ತಡೆಯಲಾಗಲಿಲ್ಲ. ದಡದ ಮೇಲೊಂದು ಗುಡಿಸಲಿತ್ತು. ಅಲ್ಲಿಂದ ಕಾಯಿಸಿದ ಹಾಲಿನ ವಾಸನೆ ಬರುತ್ತಿತ್ತು. ಮರಿ ನಾಲ್ಕು ಹೆಜ್ಜೆ ಇಟ್ಟು ನಿಂತಿತು.

"ಅಮ್ಮ ಬಂದು ಹುಡುಕಿದರೆ?" ಎಂದಿತು.

ಲಕ್ಕಿ ಗಿಡದಲ್ಲಿ ಆಡುತ್ತಿದ್ದ ಗಾಳಿಗೆ ಅದು ಕೇಳಿಸಿತು. "ನಿನ್ನ ವಾಸನೆ ಕೊಡು. ನಾನು ಆಚೆ ದಡಕ್ಕೆ ಒಯ್ತೀನಿ. ನೀನು ಎಲ್ಲಿ ಕೂತರೂ ಸರಿ, ಮುಚ್ಚದೆ ತೆರೆದಿಟ್ಟಿರು. ಮುಚ್ಚಿದ್ದನ್ನು ಎತ್ತೋದು ನನ್ನ ಕೈಲಾಗಲ್ಲ."

ಮರಿ ಗಿಡದ ಬುಡದಲ್ಲಿ ಒಂದು ಸಲ ಉಚ್ಚೆ ಹೊಯ್ದಿತು, ದಾರಿಯಲ್ಲಿ ಒಂದು ಸಲ, ಗುಡಿಸಲಿನ ಹೊಸ್ತಿಲಲ್ಲಿ ಒಂದು ಸಲ. ಗಾಳಿ ಮೂರನ್ನೂ ಎತ್ತಿಕೊಂಡು ಹೋಯಿತು.

ಗುಡಿಸಲಿನಲ್ಲಿ ಮಾಳಜ್ಜಿ ಒಬ್ಬಳೇ ಇದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಗಂಡ ತೀರಿಹೋಗಿದ್ದ. ಒಂದು ಆಡು, ಒಂದು ಒಲೆ, ಮೂಲೆಯಲ್ಲಿ ಮಡಿಸಿಟ್ಟ ಒಂದು ಕರಿ ಕಂಬಳಿ. ಅಷ್ಟೇ ಅವಳ ಮನೆ.

"ಯಾರ ಮನೆಯದಪ್ಪ ಇದು?" ಎಂದಳು ಅಜ್ಜಿ. "ಬಾ, ಕುಡಿ. ಮೆಲ್ಲಗೆ. ಮೀಸೆಗೆಲ್ಲ ಬಳಕೋಬೇಡ, ಮದುವೆ ಊಟಕ್ಕೆ ಬಂದವರ ಹಾಗೆ."

ಮರಿ ಕುಡಿಯಿತು. ಕುಡಿದು, ಬಾಗಿಲ ಮೂಲೆಗೆ ಹೋಗಿ ಗಲೀಜು ಮಾಡಿತು.

ಅಜ್ಜಿ ಒಲೆಯ ಬೂದಿ ತಂದು ಸುರಿದು, ಬಳಿದು ಹೊರಗೆ ಹಾಕಿದಳು. ಮಾರನೆಯ ದಿನ ಸೌದೆಯ ಮೇಲೆ ಆಯಿತು. ಅದರ ಮಾರನೆಯ ದಿನ, ರಾಗಿ ಹಸನು ಮಾಡಲು ಇಟ್ಟಿದ್ದ ಮೊರದಲ್ಲಿ.

ಪಕ್ಕದ ಗುಡಿಸಲಿನ ಹಾಲಮ್ಮ ಬೆಂಕಿ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಅಜ್ಜಿ, ನಿನ್ನ ಮನೆ ಈಗ ಕಣ್ಣುಮುಚ್ಚಿಕೊಂಡು ಬಂದರೂ ಸಿಗುತ್ತೆ."

"ಕೂಸು ಕಣೇ, ಕಲಿಯುತ್ತೆ."

"ಕೂಸಾದರೆ ಒಂದು ಬಟ್ಟೆ ಕಟ್ಟು. ಇಲ್ಲಾ, ಮಾಡಿದ್ದರಲ್ಲೇ ಮೂತಿ ಹಿಡಿದು ತಿಕ್ಕು. ನಾಳೆಯಿಂದ ನೆಟ್ಟಗಾಗುತ್ತೆ."

ಅಜ್ಜಿ ಒಡೆದ ಮಡಕೆಯ ತಳವನ್ನು ತೊಳೆದು, ಅದರ ತುಂಬ ಜರಡಿ ಹಿಡಿದ ನುಣ್ಣನೆಯ ಬೂದಿ ಹಾಕಿ ಒಲೆಯ ಪಕ್ಕ ಇಟ್ಟಳು. ಮರಿ ಅದರ ಹತ್ತಿರವೂ ಸುಳಿಯಲಿಲ್ಲ. "ಉಣ್ಣೋ ಜಾಗದ ಪಕ್ಕ ಇಟ್ಟರೆ ಯಾರು ತಾನೇ ಹೋಗ್ತಾರೆ? ನನ್ನದೇ ತಪ್ಪು" ಎಂದು ಅಜ್ಜಿ ಅದನ್ನು ಕಾಳಿನ ಗುಡಾಣದ ಹಿಂದೆ, ಯಾರೂ ಓಡಾಡದ ಮೂಲೆಗೆ ಸರಿಸಿದಳು. ಹಾಲು ಕುಡಿಸಿದ ಕೂಡಲೆ ಮರಿಯನ್ನು ಎತ್ತಿ ತಂದು ಬೂದಿಯ ಮೇಲೆ ಬಿಟ್ಟಳು. ಮರಿ ಮೂಸಿ ನೋಡಿತು. ಬೂದಿಗೆ ಯಾವ ವಾಸನೆಯೂ ಇರಲಿಲ್ಲ. ಇಲ್ಲಿ ಕೊಟ್ಟದ್ದನ್ನು ಇದು ನುಂಗಿಬಿಡುತ್ತದೆ, ಗಾಳಿಗೆ ಏನೂ ಸಿಗುವುದಿಲ್ಲ ಎಂದುಕೊಂಡು ಮರಿ ಹಾರಿ ಓಡಿತು.

ಒಂದು ದಿನ ಅಜ್ಜಿ ಹಾಲಮ್ಮನ ಮಾತು ಕೇಳಿ ಮರಿಯ ಮೂತಿ ಹಿಡಿದು ತಿಕ್ಕಿಯೇಬಿಟ್ಟಳು. ಮರಿ ಸೀನಿ, ಸೌದೆಯ ಸಂದಿಗೆ ಹೊಕ್ಕು ಅರ್ಧ ದಿನ ಹೊರಗೆ ಬರಲಿಲ್ಲ. ಆ ಅರ್ಧ ದಿನ ಆ ಮನೆಯಲ್ಲಿ ಮಾತಿರಲಿಲ್ಲ. ಮಾತಾಡುವವರು ಇದ್ದವರೇ ಇಬ್ಬರು.

ಸಂದಿಯಿಂದ ಮರಿ ಅಜ್ಜಿಯನ್ನು ನೋಡುತ್ತಿತ್ತು. ಅಡುಗೆ ಮುಗಿದ ಮೇಲೆ ಅಜ್ಜಿ ಮೂಲೆಗೆ ಹೋಗಿ ಕುಳಿತಳು. ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡು, ಅದರಲ್ಲಿ ಮುಖ ಇಟ್ಟು, ತುಂಬ ಹೊತ್ತು ಹಾಗೇ ಇದ್ದಳು. ಮರುದಿನವೂ ಹಾಗೇ ಮಾಡಿದಳು. ಅದರ ಮರುದಿನವೂ.

"ಅದು ಯಾರದು?" ಎಂದು ಮರಿ ಗಾಳಿಯನ್ನು ಕೇಳಿತು.

"ಅವಳ ಗಂಡನದು. ಅವನ ವಾಸನೆ ಇದೆ ಅದರಲ್ಲಿ. ಒಗೆದೇ ಇಲ್ಲ" ಎಂದಿತು ಗಾಳಿ.

ಮರಿಗೆ ಎಲ್ಲವೂ ತಿಳಿದಂತಾಯಿತು. ಹೋದವರನ್ನು ಕರೆಯುವ ಜಾಗ ಅದು. ಈ ಮನೆಯಲ್ಲಿ ಅದಕ್ಕೆಂದೇ ಒಂದು ಜಾಗವಿದೆ. ಇಷ್ಟು ದಿನ ತಾನು ಬಾಗಿಲಲ್ಲಿ, ಸೌದೆಯಲ್ಲಿ, ಮೊರದಲ್ಲಿ ಇಟ್ಟು ದಂಡ ಮಾಡಿದೆ.

ಅಜ್ಜಿ ಆಡಿಗೆ ಸೊಪ್ಪು ತರಲು ಹೋದಾಗ ಮರಿ ಕಂಬಳಿಯ ಮೇಲೆ ಹತ್ತಿ, ನಟ್ಟನಡುವೆ ಕೂತು, ತನ್ನದನ್ನೂ ಅಲ್ಲಿ ಇಟ್ಟಿತು.

ಅಜ್ಜಿ ಬಂದಳು. ಕಂಬಳಿ ಎತ್ತಿಕೊಂಡಳು. ಅವಳ ಮುಖ ನೋಡಿ ಮರಿಯ ಬಾಲ ತಾನಾಗಿ ಮುದುರಿಕೊಂಡಿತು. ಅಜ್ಜಿ ಒಲೆಯ ಮುಂದೆ ಹೋಗಿ, ಉರಿಯುತ್ತಿದ್ದ ಕೆಂಡಗಳ ಮೇಲೆ ಬೂದಿ ಎಳೆದಳು. ಕೆಂಪು ಕಾಣದಾಯಿತು. ಬೆಂಕಿ ಸತ್ತುಹೋಯಿತು ಎಂದುಕೊಂಡಿತು ಮರಿ. ಅಜ್ಜಿ ಒಂದು ಬುಟ್ಟಿಯಲ್ಲಿ ಕಂಬಳಿ ಇಟ್ಟಳು, ಇನ್ನೊಂದರಲ್ಲಿ ಮರಿಯನ್ನು. ಎರಡನ್ನೂ ಎತ್ತಿಕೊಂಡು ಹೊಳೆಯ ಕಡೆ ನಡೆದಳು.

"ಬಿಟ್ಟು ಬರ್ತೀಯಾ ಅಜ್ಜಿ?" ಎಂದು ಹಾಲಮ್ಮ ಕೇಳಿದಳು.

"ಬಿಟ್ಟು ಬರ್ತೀನಿ."

ದಡದಲ್ಲಿ ಅಜ್ಜಿ ಮರಿಯ ಬುಟ್ಟಿಯನ್ನು ಲಕ್ಕಿ ಗಿಡದ ಬುಡದಲ್ಲೇ ಇಳಿಸಿದಳು. ಅಮ್ಮ ಬಿಟ್ಟುಹೋದ ಜಾಗ ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮರಿ ಹೊರಗೆ ಬಂದು, ನೀರಿನ ಅಂಚಿಗೆ ಓಡಿ, ಆಚೆ ದಡಕ್ಕೆ ಮುಖ ಮಾಡಿ ಒಂದು ಸಲ ಕೂಗಿತು. ಅಲ್ಲೇ ಒಂದು ತೊಟ್ಟು ಉಚ್ಚೆ ಹೊಯ್ದಿತು. ಮತ್ತೆ ಕೂಗಿತು.

ಅಜ್ಜಿ ನೋಡಿದಳು. ಆಮೇಲೆ ಅದರ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು.

"ಯಾಕೆ ಮರಿ ಹಾಗೆ ಮಾಡ್ತೀಯ?"

ಅಷ್ಟು ದಿನಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಕೇಳಿದ್ದರಿಂದ ಮರಿ ಹೇಳಿತು. ಲಕ್ಕಿ ಗಿಡ, ನಾಲ್ಕನೆಯ ಸರದಿ, "ಈಗ ಬಂದೆ" ಎಂದ ಅಮ್ಮ, ಒಯ್ಯುತ್ತೇನೆ ಎಂದ ಗಾಳಿ, ಎಲ್ಲವನ್ನೂ ಹೇಳಿತು. "ನೀನೂ ಅಲ್ಲೇ ಕರೀತಿದ್ದೆ. ಅದಕ್ಕೇ ನಾನೂ ಅಲ್ಲೇ ಇಟ್ಟೆ" ಎಂದಿತು.

ಅಜ್ಜಿ ಎದ್ದು ಕಂಬಳಿಯನ್ನು ನೀರಿಗೆ ಇಳಿಸಿ, ಕಲ್ಲಿನ ಮೇಲೆ ಹಾಕಿ ತಿಕ್ಕಿ ತಿಕ್ಕಿ ಒಗೆದಳು. ಹಿಂಡಿ, ಮೂಗಿಗೆ ಹಿಡಿದಳು. ಉಣ್ಣೆಯ ವಾಸನೆ ಇತ್ತು, ನೀರಿನ ವಾಸನೆ ಇತ್ತು.

"ನನ್ನಿಂದ ಹೋಯಿತಾ?" ಎಂದು ಮರಿ ಕೇಳಿತು.

"ದಿನಾ ತೆರೆದು ತೆರೆದು ಅರ್ಧ ಗಾಳಿಗೆ ಹೋಗಿತ್ತು, ಅರ್ಧ ನನ್ನ ಮೂಗಿಗೆ. ನಿನ್ನ ಪಾಲಿಗೆ ಅದರಲ್ಲಿ ಏನೂ ಉಳಿದಿರಲಿಲ್ಲ ಬಿಡು" ಎಂದಳು ಅಜ್ಜಿ. "ಬಾ, ಬುಟ್ಟಿಗೆ ಹತ್ತು. ಹಾಲು ಕಾಯಿಸಬೇಕು."

ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಒಲೆಯಲ್ಲಿ ಬೂದಿಯ ಗುಡ್ಡೆ ಬಿಟ್ಟರೆ ಏನೂ ಇರಲಿಲ್ಲ. "ಬೆಂಕಿ ಸತ್ತಿದೆ" ಎಂದಿತು ಮರಿ. ಅಜ್ಜಿ ಕಡ್ಡಿಯಿಂದ ಬೂದಿ ಸರಿಸಿದಳು. ಒಳಗೆ ಕೆಂಡ ಕೆಂಪಗೆ, ಮಧ್ಯಾಹ್ನ ಹೇಗಿತ್ತೋ ಹಾಗೇ ಇತ್ತು.

"ತೆರೆದಿಟ್ಟಿದ್ದರೆ ಗಾಳಿ ಇಷ್ಟು ಹೊತ್ತಿಗೆ ತಿಂದು ಮುಗಿಸಿರುತ್ತಿತ್ತು" ಎಂದಳು. "ಮುಚ್ಚಿದ್ದಕ್ಕೇ ಉಳಿಯಿತು." ಹಾಗೆ ಹೇಳಿದವಳು ಊದುವುದನ್ನು ಮರೆತು ಒಂದು ಕ್ಷಣ ಕೆಂಡವನ್ನೇ ನೋಡಿದಳು.

ಮರಿ ಬಾಗಿಲಿಗೆ ಹೋಯಿತು. "ಗಾಳಿ, ನನ್ನ ವಾಸನೆ ಅಮ್ಮನಿಗೆ ಸಿಕ್ಕಿತಾ?"

ಗಾಳಿ ಹೊಸ್ತಿಲ ಮೇಲೆ ಸುಳಿಯಿತು. "ಮೂರು ದಿನ ನಿನ್ನಮ್ಮ ಆಚೆ ದಡದಲ್ಲೇ ನಿಂತಿದ್ದಳು. ನೀರು ಇಳಿಯಲಿಲ್ಲ. ಬಾಕಿ ಮೂರು ಮರಿಗಳು ಹಸಿದಿದ್ದವು. ಅವನ್ನು ಕರೆದುಕೊಂಡು ಹೋದಳು. ನೀನು ಕೊಟ್ಟದ್ದನ್ನು ನಾನು ಒಯ್ಯುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಅಲ್ಲಿ ಇಲ್ಲಿ ಚೆಲ್ಲಿಬಿಟ್ಟೆ."

"ಹೇಳಬೇಕಿತ್ತು."

"ಒಯ್ಯಿ ಅಂದೆ, ಒಯ್ದೆ. ಉತ್ತರ ತಾ ಅಂತ ನೀನು ಹೇಳಲಿಲ್ಲವಲ್ಲ" ಎಂದು ಗಾಳಿ ಹೊರಟುಹೋಯಿತು. ಅದು ಕೆಟ್ಟದ್ದಲ್ಲ. ಅದಕ್ಕೆ ನಿಲ್ಲುವುದು ಗೊತ್ತಿಲ್ಲ, ಅಷ್ಟೆ.

ಮರಿ ಬಾಗಿಲಲ್ಲಿ ಒಂಟಿಯಾಗಿ ನಿಂತಿತ್ತು. ಆಮೇಲೆ ತಿರುಗಿ, ಗುಡಾಣದ ಹಿಂದಿನ ಮೂಲೆಗೆ ಹೋಯಿತು. ಒಡೆದ ಮಡಕೆಯ ತಳದಲ್ಲಿ ಬೂದಿ ಹಾಗೇ ಇತ್ತು. ಮರಿ ಅದನ್ನು ಮುಂಗಾಲಿನಿಂದ ಕೆರೆಯಿತು. ಬೂದಿಯ ಕೆಳಗಿನ ಮಡಕೆ ಮಣ್ಣಿನದು. ಮಣ್ಣು ಮಾತಾಡಿತು. ಮಣ್ಣಿನ ದನಿ ಬಹಳ ಸಣ್ಣದು. ಮೂತಿ ತಗ್ಗಿಸಿದವರಿಗೆ ಮಾತ್ರ ಕೇಳಿಸುತ್ತದೆ.

"ಏನು ಬೇಕು?"

"ನಾನು ಕೊಟ್ಟರೆ ಒಯ್ತೀಯಾ?"

"ನಾನು ಎಲ್ಲಿಗೂ ಹೋಗೋದಿಲ್ಲ" ಎಂದಿತು ಮಣ್ಣು. "ಕೊಟ್ಟದ್ದನ್ನು ಇಟ್ಟುಕೊಳ್ತೀನಿ."

"ಅಮ್ಮ ಬಂದು ಕೇಳಿದರೆ?"

"ಇಲ್ಲೇ ಇದೆ ಅಂತೀನಿ."

"ಬರ್ತಾಳಾ?"

"ಅದು ನನಗೆ ಗೊತ್ತಿಲ್ಲ. ಯಾರಾದರೂ ಬಂದರೆ ಗೊತ್ತಾಗುತ್ತೆ. ನೀನು ಬಂದಾಗೆಲ್ಲ ಕೇಳು, ಹೇಳ್ತೀನಿ."

ಮರಿ ಗುಂಡಿ ತೋಡಿತು. ಕೂತಿತು. ಎದ್ದು, ಅಜ್ಜಿ ಕೆಂಡ ಮುಚ್ಚಿದ ಹಾಗೆಯೇ ಸುತ್ತಲಿನ ಬೂದಿಯನ್ನೆಲ್ಲ ಎಳೆದು ಮುಚ್ಚಿತು. ಆಮೇಲೆ ಮೂತಿ ತಗ್ಗಿಸಿ ಕೇಳಿತು. "ಯಾರಾದರೂ ಬಂದಿದ್ದರಾ?"

"ಇವತ್ತು ಯಾರೂ ಇಲ್ಲ" ಎಂದಿತು ಮಣ್ಣು.

ಅಜ್ಜಿ ಗುಡಾಣದ ಪಕ್ಕದಿಂದ ಇಣುಕಿ ನೋಡಿದಳು. ಒಣಗಿದ ಕಂಬಳಿಯನ್ನು ಮಾರನೆಯ ದಿನ ಚೆನ್ನಾಗಿ ಮಡಿಸಿ, ಗುಡಾಣದೊಳಗೆ ಇಟ್ಟು, ಬಾಯಿಗೆ ಮುಚ್ಚಳ ಹಾಕಿದಳು. ಚಳಿಗಾಲದಲ್ಲಿ ತೆಗೆದು ಇಬ್ಬರೂ ಹೊದ್ದರು. ಹೊಳೆ ಇಳಿಯಿತು, ಕಲ್ಲುಗಳು ಕಂಡವು, ಯಾರೂ ಬರಲಿಲ್ಲ. ಮರಿ ದಿನವೂ ಕೇಳುವುದನ್ನು ಬಿಡಲಿಲ್ಲ. ಅದು ದೊಡ್ಡದಾಗಿ ತನ್ನ ಮರಿಗಳಿಗೂ ಹಾಗೇ ಕಲಿಸಿತು. ಅವು ತಮ್ಮ ಮರಿಗಳಿಗೆ ಕಲಿಸಿದವು.

ನಿಮ್ಮ ಮನೆಗೆ ಹೊಸದಾಗಿ ಬಂದ ಮರಿ, ನೀವು ಇಟ್ಟ ಮರಳಿನ ತಟ್ಟೆಯನ್ನು ಬಿಟ್ಟು ನಿಮ್ಮ ಹಾಸಿಗೆಯ ಮೇಲೇ ಗಲೀಜು ಮಾಡಿದರೆ, ಅದು ಇನ್ನೂ ಗಾಳಿಯ ಕೈಗೇ ಕೊಡುತ್ತಿದೆ ಎಂದು ತಿಳಿಯಿರಿ. ಅದರ ಮೂತಿ ತಿಕ್ಕಬೇಡಿ. ತಟ್ಟೆಯನ್ನು ಸದ್ದಿಲ್ಲದ ಮೂಲೆಗೆ ಸರಿಸಿ, ಕಾಯಿರಿ. ಒಂದು ದಿನ ಅದು ತಾನಾಗಿ ಮರಳು ಕೆರೆದು, ಕೂತು, ಎಲ್ಲ ಮುಚ್ಚಿ ಮುಗಿಸಿದ ಮೇಲೂ ಮತ್ತೊಮ್ಮೆ ಮೂತಿ ತಗ್ಗಿಸಿ, ಒಂದು ಕ್ಷಣ ಅಲ್ಲಾಡದೆ ನಿಂತು, ಆಮೇಲೆ ತಿರುಗಿ ನೋಡದೆ ನಡೆದುಹೋಗುತ್ತದಲ್ಲ, ಆಗ ಅದು ಮಣ್ಣನ್ನು ಕೇಳಿ, ಇವತ್ತಿನ ಉತ್ತರ ಪಡೆದು ಹೋಗುತ್ತಿರುತ್ತದೆ.