ನಡುಗೆರೆಯಲ್ಲಿ ನಿಂತ ಚೆಂಡು

ಹಾಸನದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ತಂಡದ ನಾಯಕಿ ಶಶಿರೇಖೆಗೆ ಮೈಯೆಲ್ಲ ಉರಿಯುತ್ತಿತ್ತು. ಎದುರಾಳಿಗಳು ಐವರೂ ಬುಟ್ಟಿಯ ಕೆಳಗೆ ಗೋಡೆ ಕಟ್ಟಿದಂತೆ ನಿಂತಿದ್ದರು. ನುಗ್ಗಿದವರಿಗೆಲ್ಲ ಮೊಣಕೈ ತಿವಿತ. ಶಶಿರೇಖೆಯ ಜೊತೆ ಆಡುತ್ತಿದ್ದ ನಸೀಮಾಳ ತುಟಿ ಒಡೆದು ಅವಳು ಹೊರಗೆ ಕೂತರೂ ರೆಫರಿ ಸೀಟಿ ಊದಿರಲಿಲ್ಲ.

"ಧೈರ್ಯ ಇದ್ರೆ ಒಳಗೆ ಬಾರೇ!" ಎಂದು ಎದುರಾಳಿಗಳ ಕೋಚ್ ಪರಮಶಿವಯ್ಯ ಅಬ್ಬರಿಸಿದ.

ಶಶಿರೇಖೆಯ ತಂಡ ಒಂದೇ ಅಂಕ ಮುಂದಿತ್ತು. ಇಷ್ಟು ಹೊತ್ತಿನೊಳಗೆ ಚೆಂಡು ಎಸೆಯಲೇಬೇಕೆಂಬ ನಿಯಮ ಆ ಪಂದ್ಯಾವಳಿಯಲ್ಲಿ ಇರಲಿಲ್ಲ. ಅವಳು ನಡುಗೆರೆ ದಾಟಿದವಳೇ ಚೆಂಡನ್ನು ಸೊಂಟಕ್ಕೆ ಆನಿಸಿಕೊಂಡು ಸುಮ್ಮನೆ ನಿಂತುಬಿಟ್ಟಳು.

"ಏನೇ, ಆಡೋದಿಲ್ವಾ?" ಎಂದು ಪರಮಶಿವಯ್ಯ ಕೂಗಿದ.

"ಗೆಲ್ತಾ ಇರೋಳು ನಾನು. ಅವಸರ ಇದ್ದೋರು ಬಂದು ಕಿತ್ಕೊಳ್ಳಿ!"

ಜನ ಗೊಳ್ಳೆಂದು ನಕ್ಕರು. ಕೊನೆಯ ನಿಮಿಷ ಕರಗುತ್ತಿತ್ತು. ಪರಮಶಿವಯ್ಯನ ಮುಖ ಕೆಂಪೇರಿತು. "ಎಲ್ಲಾರೂ ಹೋಗಿ ಹಿಡೀರೇ ಅವಳನ್ನ!"

ಐವರೂ ಗೋಡೆ ಬಿಟ್ಟು ಓಡಿ ಬಂದರು. ಶಶಿರೇಖೆ ಅವರ ತಲೆಯ ಮೇಲಿಂದ ಚೆಂಡು ಬೀಸಿದಳು. ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತಿದ್ದ ಅವಳ ತಂಡದ ವನಮಾಲಾ ಅದನ್ನು ನಿಧಾನವಾಗಿ ಒಳಗೆ ಹಾಕಿದಳು. ಪಂದ್ಯ ಮುಗಿದ ಗಂಟೆ ಮೊಳಗಿತು.

ಪರಮಶಿವಯ್ಯ ಹಲ್ಲು ಕಚ್ಚಿಕೊಂಡು ಕೈಕುಲುಕಲು ಬಂದ. ಶಶಿರೇಖೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಚಾಚಿದ ಆ ಕೈಯಲ್ಲಿ ಚೆಂಡಿಟ್ಟು, "ಈಗ ಹಿಡ್ಕೊಳ್ಳಿ ಸಾರ್" ಎಂದು ಹೊರಟೇ ಹೋದಳು.