ನೆಂಟರಿಲ್ಲದ ತಗಡಿನ ಹದ್ದು

ಒಂದಾನೊಂದು ಊರಿನಲ್ಲಿ, ಅಲ್ಲ ಅಲ್ಲ, ಎರಡಾನೆರಡು ಊರುಗಳಲ್ಲಿ ಇಬ್ಬರು ರಾಜರಿದ್ದರು. ಹೊಳೆಯ ಈ ದಂಡೆಗೆ ಹುಬ್ಬುಗಿರಿ, ಆ ದಂಡೆಗೆ ತಗ್ಗುಗಿರಿ. ಹುಬ್ಬುಗಿರಿಯಲ್ಲಿ ಒಂದು ಗುಡ್ಡ. ಸಂಜೆಯಾದರೆ ಆ ಗುಡ್ಡದ ನೆರಳು ಹೊಳೆ ದಾಟಿ ತಗ್ಗುಗಿರಿಯಲ್ಲಿ ಹೋಗಿ ಮಲಗುತ್ತಿತ್ತು.

"ನಮ್ಮ ನೆರಳು ಅವರ ಊರಾಗ ಯಾಕ ಮಲಗಬೇಕು? ಏನೋ ತಿನಿಸಿ ಒಲಿಸ್ಕೊಂಡಾರ!" ಎಂದ ಹುಬ್ಬುಗಿರಿಯ ರಾಜ ಜಂಬುರಾಯ. ಹೂಂ ಅನ್ನಿ, ಯುದ್ಧಕ್ಕೆ ಇಷ್ಟು ಕಾರಣ ಸಾಕು.

ಹಾಗೆ ನೋಡಿದರೆ ವರ್ಷಕ್ಕೊಂದು ಯುದ್ಧ ಆಗುತ್ತಲೇ ಇತ್ತು. ಯಾರೂ ಸಾಯುತ್ತಿರಲಿಲ್ಲ. ಈ ಊರಿನ ಹೆಣ್ಣುಗಳನ್ನು ಆ ಊರಿಗೆ, ಆ ಊರಿನ ಹೆಣ್ಣುಗಳನ್ನು ಈ ಊರಿಗೆ ಕೊಟ್ಟಿದ್ದರು. ಸೈನಿಕ ಈಟಿ ಎತ್ತಿದರೆ ಎದುರಿಗೆ ಅಳಿಯ. ಪಕ್ಕದವನು ಕತ್ತಿ ಎತ್ತಿದರೆ ಎದುರಿಗೆ ಸೋದರಮಾವ. "ಅರಾಮ ಅದೀರೇನ್ರಿ?" "ಅರಾಮ ಅದೀವಿ. ನಿಮ್ಮ ಎಮ್ಮಿ ಈಯ್ತೇನು?" ಎಂದು ಮಾತಾಡಿಸಿ, ಈಟಿ ತಗ್ಗಿಸಿ, ಸಂಜೆ ಮನೆಗೆ ಬರುತ್ತಿದ್ದರು. ರಾಜನಿಗೆ ಇದೇ ದೊಡ್ಡ ತಲೆನೋವು.

ಆಗ ಬಂದ ನೋಡಿ ಒಬ್ಬ ವ್ಯಾಪಾರಿ. ತಗಡಿನ ಹದ್ದುಗಳನ್ನು ತಂದಿದ್ದ. ಒಂದು ಮುಂದಾಳು ಹದ್ದು, ಅದು ಮಾಡಿದ್ದನ್ನೇ ಮಾಡುವ ನಲವತ್ತು ಹಿಂಬಾಲಕ ಹದ್ದು.

"ಮಹಾಪ್ರಭು, ಇದರ ಕಣ್ಣು ತಾನೇ ಹುಡುಕುತ್ತದೆ. ತಲೆ ತಾನೇ ತೀರ್ಮಾನಿಸುತ್ತದೆ. ಹೊಟ್ಟೆ ತಾನೇ ಬೆಂಕಿ ಸುರಿಯುತ್ತದೆ. ತಾವು ಲೋಡಿಗೆ ಒರಗಿ ಕೂತರೆ ಸಾಕು," ಎಂದ.

ರಾಜನಿಗೆ ವೀಳ್ಯ ಕಟ್ಟಿಕೊಡುವ ಬಾಳವ್ವ ಪಕ್ಕದಲ್ಲೇ ನಿಂತಿದ್ದಳು. ಮಡಚುತ್ತಿದ್ದ ಎಲೆಯನ್ನು ತಟ್ಟೆಗೆ ಹಾಕಿದಳು. ಅವಳ ಒಬ್ಬಳೇ ಮಗಳು ನೀಲವ್ವ ಇದ್ದದ್ದು ತಗ್ಗುಗಿರಿಯಲ್ಲಿ. ಯುದ್ಧದ ಸುದ್ದಿಗೆ ದೋಣಿ ನಿಲ್ಲಿಸಿದ್ದರಿಂದ ತವರಿಗೆ ಬರಲಾಗದೆ ಅಲ್ಲೇ ಹೆತ್ತಿದ್ದಳು. ಒಂಬತ್ತು ದಿನದ ಹಸಿ ಬಾಣಂತಿ. ಮೊಮ್ಮಗ ಕಪ್ಪೋ ಕೆಂಪೋ, ಬಾಳವ್ವ ಇನ್ನೂ ನೋಡಿರಲಿಲ್ಲ.

"ಇದಕ್ಕ ನೆಂಟರು ಅದಾರೇನ್ರಿ?" ಎಂದು ಕೇಳಿದಳು.

"ಒಬ್ಬರೂ ಇಲ್ಲ. ಅದೇ ಇದರ ಹೆಚ್ಚುಗಾರಿಕೆ," ಎಂದ ವ್ಯಾಪಾರಿ. ಇಂಥವೇ ನಲವತ್ತೊಂದನ್ನು ತಗ್ಗುಗಿರಿಗೂ ಮಾರಿ ಬಂದಿದ್ದ ಪುಣ್ಯಾತ್ಮ.

ನಾಳೆಯೇ ಯುದ್ಧ ಎಂದ ರಾಜ. ಆದರೆ ಆ ಎರಡೂ ಊರುಗಳಲ್ಲಿ ರಣವೀಳ್ಯ ಹಿಡಿಯದೆ ಯಾರೂ ಯುದ್ಧಕ್ಕೆ ಹೋಗುವ ಹಾಗಿಲ್ಲ. ವೀಳ್ಯವನ್ನು ಬಾಯಲ್ಲಿ ಕಚ್ಚಿಕೊಂಡೇ ಹೊರಡಬೇಕು. ಮುತ್ತಾತನ ಕಾಲದ ಪದ್ಧತಿ, ರಾಜನೂ ಮೀರುವಂತಿಲ್ಲ.

"ದೊರಿ, ಇದಕ್ಕ ಬಾಯಿ ಇಲ್ಲ," ಎಂದಳು ಬಾಳವ್ವ, ಒಳಗೊಳಗೇ ಖುಷಿಯಾಗಿ.

"ಇಲ್ಲಂದ್ರ ಮಾಡಸ್ರಿ!" ಕಮ್ಮಾರ ಬಾಯಿ ಕೊರೆದ.

"ಕಚ್ಚಾಕ ಹಲ್ಲಿಲ್ಲ, ದೊರಿ."

"ಹಲ್ಲು ಕೂಡಸ್ರಿ!" ಕಮ್ಮಾರ ಹಲ್ಲು ಕೂಡಿಸಿದ.

"ಒಪ್ಪಿದೆ ಅನ್ನಾಕ ನಾಲಿಗಿ ಇಲ್ಲ, ದೊರಿ."

"ನಾಲಿಗೀನೂ ಹಚ್ರಿ ಅತ್ಲಾಗ!" ಕಮ್ಮಾರ ನಾಲಿಗೆ ಹಚ್ಚಿದ. ಹಚ್ಚಿದ್ದೇ ತಡ, ಹದ್ದು ಬಾಯಿ ಬಿಟ್ಟಿತು.

"ಅಜ್ಜೀ, ಪದ್ಧತಿ ಅಂದರೇನು?"

ಬಾಳವ್ವನಿಗೆ ಹೇಳಲು ಇನ್ನು ಯಾವ ಕೊರತೆಯೂ ಉಳಿದಿರಲಿಲ್ಲ. ಅಳು ಬಂತು. ಅತ್ತಳು. ಅಳುವಾಗಲೇ ಮಗಳನ್ನು ಕೊಟ್ಟ ದಿನ ನೆನಪಾಗಿ ಥಟ್ಟನೆ ಕಣ್ಣೊರೆಸಿಕೊಂಡಳು. ಎಲೆ ಅಡಿಕೆಯ ಜೊತೆಗೆ ಒಂದು ಅರಿಶಿನ ಕೊಂಬು ಇಟ್ಟು ಹದ್ದಿನ ಬಾಯಿಗೆ ಕೊಟ್ಟಳು. ಕೊರಳಿಗೆ ಒಂದು ತೆಂಗಿನಕಾಯಿ ಕಟ್ಟಿದಳು.

"ಪದ್ಧತಿ ಅಂದ್ರ ಇಷ್ಟ, ನನ್ನಪ್ಪ. ಎದುರು ಬಂದವರಿಗೆ ಇದನ್ನ ಕೊಡು. ಅವರು ಕೊಟ್ಟದ್ದನ್ನ ನೀ ತಗೋ. ಆಮ್ಯಾಲ ನಿನ್ನ ಕೆಲಸ ನೋಡ್ಕೋ."

"ಒಪ್ಪಿದೆ," ಎಂದಿತು ಹದ್ದು. ಯಂತ್ರ, ಪಾಪ, ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ.

ಮರುದಿನ ಬೆಳಗ್ಗೆ ಈ ಕಡೆಯಿಂದ ನಲವತ್ತೊಂದು, ಆ ಕಡೆಯಿಂದ ನಲವತ್ತೊಂದು ಹದ್ದುಗಳು ಹಾರಿದವು. ಆಕಾಶ ಗುಂಯ್‌ಗುಟ್ಟಿತು. ಎರಡೂ ದಂಡೆಯಲ್ಲಿ ಜನ ಸೇರಿದ್ದರು. ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ನಡುಹೊಳೆಯ ಮೇಲೆ ಮುಂದಾಳು ಹದ್ದುಗಳೆರಡೂ ಎದುರುಬದುರಾದವು. ನಿಂತವು. ಈ ಹದ್ದು ಎಲೆ, ಅಡಿಕೆ, ಅರಿಶಿನ, ಕಾಯಿ ಕೊಟ್ಟಿತು. ತಗೊಳ್ಳಲು ಬಾಯಿ ಖಾಲಿ ಇರಬೇಕಲ್ಲ, ಆ ಹದ್ದು ತಮ್ಮೂರ ಕಮ್ಮಾರ ಕೊರೆದ ಬಾಯಲ್ಲಿದ್ದ ತನ್ನ ರಣವೀಳ್ಯವನ್ನು ಇದಕ್ಕೆ ಕೊಟ್ಟಿತು.

"ಅಯ್ಯ, ತಾಂಬೂಲ ಬದಲಾತು! ನಿಶ್ಚಯ ಆತು!" ಎಂದು ಎರಡೂ ದಂಡೆಯ ಹೆಂಗಸರು ಕೂಗಿದರು.

ಹದ್ದು ಕೆಳಗೆ ಬಗ್ಗಿ ಕೇಳಿತು. "ಅಜ್ಜೀ, ಈಗ ನಾವು ಏನಾದೆವು?"

"ಬೀಗರಾದ್ರಿ!" ಎಂದಳು ಬಾಳವ್ವ.

"ಬೀಗರಿಗೆ ಏನು ಮಾಡಬೇಕು?"

"ಊಟ ಹಾಕಬೇಕು!"

"ಹೊಟ್ಟೆ ತುಂಬ ಬೆಂಕಿ ಇದೆಯಲ್ಲ?"

"ಒಲಿ ಹಚ್ರಿ, ನನ್ನ ಬಂಗಾರದಂಥವ್ರಾ!"

ಎಂಬತ್ತೆರಡು ಹದ್ದುಗಳು ಇಳಿದು ಎಂಬತ್ತೆರಡು ಒಲೆ ಹಚ್ಚಿದವು. ಬಾಳವ್ವ ಮರಳಿನ ಮೇಲೆ ಕೂತು, "ಉಳೀತವ್ವ ನನ್ನ ಕೂಸು, ಉಳೀತು," ಎಂದು ನಕ್ಕಳು. ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಗಿ ಮತ್ತೆ ಮತ್ತೆ ನಕ್ಕಳು.

ರಾಜರು ಏನು ಮಾಡಿದರು ಅಂತೀರಾ? ಪಂಕ್ತಿಯಲ್ಲಿ ಕೂತರು, ಇನ್ನೇನು ಮಾಡುತ್ತಾರೆ. "ನಾವು ಗಂಡಿನ ಕಡೆಯವರು, ಮೊದಲ ಹೋಳಿಗಿ ನಮಗ," ಎಂದ ಜಂಬುರಾಯ. "ಗಂಡಿನ ಕಡೆ ನಾವು!" ಎಂದ ತಗ್ಗುಗಿರಿಯ ರಾಜ. ಹದ್ದುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹದ್ದುಗಳಿಗೇ ಗೊತ್ತಿರಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ. ಬೀಗರ ಮುನಿಸು ತೀರಿಸುವುದರಲ್ಲೇ ಅವರ ಆಯುಸ್ಸು ಕಳೆಯುತ್ತಿದೆ, ಯುದ್ಧಕ್ಕೆ ಪುರುಸೊತ್ತೆಲ್ಲಿ?

ಬಾಳವ್ವ ಮೊದಲ ದೋಣಿಯಲ್ಲೇ ಹೊಳೆ ದಾಟಿದಳು. ನೀಲವ್ವ ಕೂಸನ್ನು ಮಡಿಲಿಗೆ ಹಾಕಿದಳು. ಕೂಸು ಅಜ್ಜಿಯನ್ನು ಒಂದು ಗಳಿಗೆ ನೋಡಿ, ಹೊಸ ಸೀರೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು.

"ಹೊಯ್ಯಿ ನನ್ನ ರಾಜಾ, ಹೊಯ್ಯಿ," ಎಂದಳು ಬಾಳವ್ವ, ಕಣ್ಣಲ್ಲಿ ನೀರು ತುಂಬಿಕೊಂಡು.

ನೀತಿ ಬೇಕಲ್ಲವೇ ನಿಮಗೆ? ತಗೊಳ್ಳಿ: ಯಾವ ಆಯುಧ ಕೊಂಡರೂ ಮೊದಲು ಅದಕ್ಕೊಂದು ಸಂಬಂಧ ನೋಡಿ. ಅವರು ಅಲ್ಲಿ ಹೋಳಿಗೆ ತಿಂದರು, ಕತೆ ಹೇಳಿದ ನಾನು ಇಲ್ಲಿ ಬರೀ ಬಾಯಿ ಚಪ್ಪರಿಸಿದೆ.