ಗೋಡೆಗೆ ಮುಖ ಮಾಡಿದ ತಗಡು

“ಗೊತ್ತಿಲ್ಲ ಎನ್ನುವ ಗುರುವಿನ ಬಳಿ ಶಿಷ್ಯ ಯಾಕೆ ಇರಬೇಕು?” ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ಬಟ್ಟೆಯ ಗಂಟು ಹೆಗಲಲ್ಲೇ ಇತ್ತು. ಅವನ ತಾಯಿ ತೀರಿಕೊಂಡು ತಿಂಗಳಾಗಿತ್ತು. ಅವಳು ಈಗ ಎಲ್ಲಿದ್ದಾಳೆ ಎಂದು ಅವನು ಮೂರು ಸಲ ಕೇಳಿದ್ದ. ಮೂರು ಸಲವೂ ಗುರುಗಳು ಗೊತ್ತಿಲ್ಲ ಎಂದಿದ್ದರು. ಹೊಳೆಯಾಚೆಯ ಮಠದಲ್ಲಿ ಇನ್ನೊಬ್ಬ ಗುರುಗಳಿದ್ದರು. ಸತ್ತವರ ಹೆಸರು, ನಕ್ಷತ್ರ ಹೇಳಿದರೆ ಸಾಕು, ಅವರು ಯಾವ ಲೋಕದಲ್ಲಿದ್ದಾರೆ, ಸುಖವಾಗಿದ್ದಾರೆಯೇ ಎಂಬುದನ್ನೆಲ್ಲ ಹೇಳಿ ಕಳುಹಿಸುತ್ತಿದ್ದರು. ಅಲ್ಲಿಗೆ ಹೋದವರು ಕಣ್ಣೊರೆಸಿಕೊಂಡು, ಹಗುರಾಗಿ ಬರುತ್ತಿದ್ದರು.

ಗುರುಗಳು ಅವನನ್ನು ತಡೆಯಲಿಲ್ಲ. ಹೋಗುವವನು ಒಂದು ಕತೆ ಕೇಳಿಕೊಂಡು ಹೋಗಲಿ ಎಂದರು. ಶಿಷ್ಯ ಗಂಟು ಇಳಿಸದೆಯೇ ಕುಳಿತ. ಗುರುಗಳು ಹೇಳತೊಡಗಿದರು.

ಕಡಲ ತೀರದ ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ನಾಲ್ಕು ಹಡಗುಗಳಿದ್ದವು. ಜನರ ಸರಕನ್ನು ಕಂಟೇನರುಗಳಲ್ಲಿ ತುಂಬಿ ದೂರದ ಬಂದರುಗಳಿಗೆ ಮುಟ್ಟಿಸುವುದು ಅವನ ಕಸುಬು. ಕಚೇರಿಯ ಗೋಡೆಯಲ್ಲಿ ನಾಲ್ಕು ಮೊಳೆ, ಮೊಳೆಗೊಂದು ತಗಡು, ತಗಡಿನ ಮೇಲೆ ಒಂದೊಂದು ಹಡಗಿನ ಹೆಸರು. ಪ್ರತಿದಿನ ಮಧ್ಯಾಹ್ನ ಹಡಗುಗಳಿಂದ ಸುದ್ದಿ ಬರುತ್ತಿತ್ತು. ಬಾರದಿದ್ದರೆ ಹಳೆಯ ಗುಮಾಸ್ತ ಎದ್ದು ಆ ಹಡಗಿನ ತಗಡನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದ. ಎರಡನೆಯ ಮಧ್ಯಾಹ್ನವೂ ತಗಡು ಹಾಗೆಯೇ ಇದ್ದರೆ ಉಳಿದ ಕೆಲಸವೆಲ್ಲ ನಿಲ್ಲುತ್ತಿತ್ತು. ಬಂದರುಗಳಿಗೆ ಫೋನು, ಆ ದಾರಿಯಲ್ಲಿ ಹೋಗುವ ಹಡಗುಗಳಿಗೆ ಸಂದೇಶ, ಕರಾವಳಿ ಕಾವಲು ಪಡೆಗೆ ಸುದ್ದಿ. ಇದು ವರ್ತಕನ ತಂದೆ ಹಾಕಿಕೊಟ್ಟ ಪದ್ಧತಿ.

ತಗಡು ತಿರುಗಿತೆಂಬ ಮಾತು ಹೇಗೋ ಕೇರಿಗೆ ಮುಟ್ಟುತ್ತಿತ್ತು. ಆ ಹಡಗಿನವರ ಹೆಂಡತಿಯರು, ತಾಯಂದಿರು ಬಂದು ಕಚೇರಿಯ ಜಗಲಿಯಲ್ಲಿ ಕೂರುತ್ತಿದ್ದರು. ಅವರು ಅಳುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ತಗಡು ಮತ್ತೆ ಮುಖ ತೋರಿಸುವ ತನಕ ಏಳುತ್ತಿರಲಿಲ್ಲ, ಅಷ್ಟೆ. ಒಳಗೆ ಕುಳಿತ ವರ್ತಕ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ಒಯ್ಯುತ್ತಿದ್ದ. ಅವನ ಕಾಲದಲ್ಲಿ ಹತ್ತಕ್ಕೆ ಹತ್ತು ಸಲವೂ ಹಡಗು ಕ್ಷೇಮವಾಗಿಯೇ ಇತ್ತು, ಕೆಟ್ಟದ್ದು ರೇಡಿಯೊ ಮಾತ್ರ. ಸುಮ್ಮನೆ ಇಷ್ಟು ಜನ ಸಂಕಟಪಡಬೇಕೇ ಎಂದು ಅವನಿಗೆ ಅನಿಸುತ್ತಿತ್ತು.

ಅವನು ಮಗಳನ್ನು ತನ್ನದೇ ಹಡಗಿನ ಕಪ್ತಾನನಿಗೆ ಕೊಟ್ಟ. ಮುಂದಿನ ಸಲ ತಗಡು ತಿರುಗಿದಾಗ ಜಗಲಿಯಲ್ಲಿ ಮಗಳೂ ಕುಳಿತಿದ್ದಳು. ಅದನ್ನು ಅವನಿಂದ ನೋಡಲಾಗಲಿಲ್ಲ.

ಹಡಗು ಎಲ್ಲಿದೆ, ಕಂಟೇನರು ಎಲ್ಲಿದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಸಾಫ್ಟ್‌ವೇರ್ ಬಂದಿದೆಯೆಂದು ಕೇಳಿ ವರ್ತಕ ಇಬ್ಬರು ಮಾರಾಟಗಾರರನ್ನು ಕರೆಸಿದ. ಇಬ್ಬರದ್ದನ್ನೂ ಒಂದು ತಿಂಗಳು ಇಟ್ಟುಕೊಂಡು ನೋಡಿದ. ಎರಡರಲ್ಲೂ ನೀಲಿ ಕಡಲು, ಅದರ ಮೇಲೆ ಹಡಗಿಗೊಂದು ಹಸಿರು ಚುಕ್ಕೆ. ಹಡಗಿನಿಂದ ಸಂಕೇತ ಬರುವುದು ನಿಂತರೆ ಮೊದಲನೆಯದರಲ್ಲಿ ಚುಕ್ಕೆ ಆರಿಹೋಗಿ, ಸುದ್ದಿಯಿಲ್ಲ ಎಂಬ ಅಕ್ಷರ ಮೂಡುತ್ತಿತ್ತು. ತಿಂಗಳಲ್ಲಿ ಆರು ಸಲ ಹಾಗಾಯಿತು. ಎರಡನೆಯದರಲ್ಲಿ ಚುಕ್ಕೆ ನಿಲ್ಲಲೇ ಇಲ್ಲ. ಸಂಕೇತವಿಲ್ಲದಾಗ ಇದಕ್ಕೆ ಹೇಗೆ ತಿಳಿಯುತ್ತದೆ ಎಂದು ವರ್ತಕ ಕೇಳಿದ. ವೇಗ, ದಿಕ್ಕು, ಸೇರಬೇಕಾದ ಬಂದರು ನೋಡಿ ಲೆಕ್ಕ ಹಾಕಿ ಚುಕ್ಕೆಯನ್ನು ನಡೆಸುತ್ತದೆ ಎಂದ ಮಾರಾಟಗಾರ. ಅವನು ಸುಳ್ಳು ಹೇಳಲಿಲ್ಲ. ಲೆಕ್ಕವೂ ತಪ್ಪಲಿಲ್ಲ. ಆ ಆರು ಸಲವೂ ಹಡಗು ಚುಕ್ಕೆ ಇದ್ದಲ್ಲೇ ಇತ್ತು.

“ಧಣಿಗಳೇ, ಲೆಕ್ಕದಿಂದ ನಡೆಯುವ ಚುಕ್ಕೆಗೆ ಬೇರೆ ಬಣ್ಣವಾದರೂ ಹಾಕಿಸಿ” ಎಂದ ಗುಮಾಸ್ತ.

“ಬೇರೆ ಬಣ್ಣ ಕಂಡರೆ ಅವರು ಮತ್ತೆ ಜಗಲಿಗೆ ಬರುತ್ತಾರೆ” ಎಂದ ವರ್ತಕ.

ಎರಡನೆಯದೇ ಬಂತು. ತಗಡುಗಳು ಗೋದಾಮು ಸೇರಿದವು. ಕಂಪ್ಯೂಟರೇ ನೋಡಿಕೊಳ್ಳುವಾಗ ಮಧ್ಯಾಹ್ನದ ಸುದ್ದಿ ಯಾಕೆಂದು ಅದನ್ನೂ ನಿಲ್ಲಿಸಿದರು. ಕೇರಿಯ ಹೆಂಗಸರು ಮೊಬೈಲಿನಲ್ಲಿ ಚುಕ್ಕೆ ನೋಡಿ ನೆಮ್ಮದಿಯಿಂದ ಒಲೆ ಹಚ್ಚಿದರು. ಜಗಲಿ ಖಾಲಿಯಾಯಿತು. ವರ್ತಕ ಹೊಟ್ಟೆ ತುಂಬ ಉಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ನಾವು ನಗುತ್ತೇವೆ. ಈ ಮನುಷ್ಯ ಊರಿಗೆ ಊರೇ ಕಣ್ಣು ಮುಚ್ಚುವಂತೆ ಮಾಡಿದ, ಅದೂ ಪ್ರೀತಿಯಿಂದ.

ಒಂದು ವರ್ಷ ಕಳೆಯಿತು. ಅಳಿಯನ ಹಡಗು ಹನ್ನೊಂದು ಜನರೊಡನೆ ದೂರದ ಬಂದರಿನಿಂದ ಊರಿಗೆ ಹೊರಟಿತು. ಎಂಟು ದಿನದ ದಾರಿ. ಎರಡನೆಯ ದಿನ ಬಿರುಗಾಳಿಗೆ ಸಿಕ್ಕಿ, ಯಾರನ್ನೂ ಕೂಗಿ ಕರೆಯಲು ಹೊತ್ತಿಲ್ಲದೆ, ಹಡಗು ಮುಳುಗಿತು. ಚುಕ್ಕೆ ಮುಳುಗಲಿಲ್ಲ. ಹಡಗಿನ ಮೇಲಿದ್ದ ಕಂಟೇನರುಗಳೂ ಪರದೆಯಲ್ಲಿ ಅದರ ಜೊತೆಗೇ ಸಾಗಿದವು. ಸರಕಿನ ಯಜಮಾನರು ಫೋನು ಮಾಡಿದಾಗ ವರ್ತಕ ಪರದೆ ನೋಡಿ, ನಿಮ್ಮ ಸರಕು ದ್ವೀಪ ದಾಟಿತು, ನಾಡಿದ್ದು ಬರುತ್ತದೆ ಎಂದು ಧೈರ್ಯವಾಗಿ ಹೇಳಿದ.

ಎಂಟನೆಯ ದಿನ ಬೆಳಿಗ್ಗೆ, ಹೇಳಿದ ಹೊತ್ತಿಗೆ ಸರಿಯಾಗಿ, ಚುಕ್ಕೆ ಬಂದರಿಗೆ ಬಂದು ನಿಂತಿತು. ಮಗಳು ಗಂಡನಿಗೆ ಇಷ್ಟವೆಂದು ಬಂಗುಡೆ ಸಾರು ಮಾಡಿಟ್ಟು, ತಂದೆಯನ್ನು ಕರೆದುಕೊಂಡು ಹಡಗು ನಿಲ್ಲುವ ಧಕ್ಕೆಗೆ ಹೋದಳು. ಧಕ್ಕೆಯ ಮುಂದೆ ಬರಿಯ ನೀರಿತ್ತು. ಅವಳು ಕೈಯಲ್ಲಿದ್ದ ಮೊಬೈಲನ್ನೊಮ್ಮೆ, ನೀರನ್ನೊಮ್ಮೆ ನೋಡಿದಳು.

“ಅಪ್ಪ, ಹಡಗು ಇಲ್ಲೇ ಉಂಟಲ್ಲ?” ಎಂದಳು.

ಆ ಚುಕ್ಕೆಗೆ ಬೇರೆ ಬಣ್ಣ ಬೇಡವೆಂದವನು ತಾನೇ ಎಂಬುದು ವರ್ತಕನಿಗೆ ನೆನಪಿತ್ತು.

ಹತ್ತನೆಯ ದಿನ ಮೀನುಗಾರರಿಗೆ ಆ ಹಡಗಿನ ರಕ್ಷಣಾ ದೋಣಿ ಸಿಕ್ಕಿತು. ಅದರಲ್ಲಿ ಅಳಿಯನೂ ಇನ್ನಿಬ್ಬರೂ ಇದ್ದರು. ಮೂವರಲ್ಲೂ ಜೀವವಿರಲಿಲ್ಲ. ಉಳಿದವರು ಸಿಗಲೇ ಇಲ್ಲ. ದೋಣಿಯ ಅಂಚಿನಲ್ಲಿ ಯಾರೋ ದಿನಕ್ಕೊಂದರಂತೆ ಗೀಟು ಕೊರೆದಿದ್ದರು. ಗುಮಾಸ್ತ ಎಣಿಸಿದ. ಐದು ಗೀಟುಗಳಿದ್ದವು.

ವರ್ತಕ ಗೋದಾಮಿಗೆ ಹೋಗಿ ಆ ಹಡಗಿನ ತಗಡನ್ನು ಹುಡುಕಿ ತಂದ. ಹಳೆಯ ಮೊಳೆಗೆ ತೂಗುಹಾಕಿ ಗೋಡೆಗೆ ಮುಖ ಮಾಡಿ ತಿರುಗಿಸಿದ. ಆಮೇಲೆ ಹೊರಗೆ ಬಂದು, ಹೆಂಗಸರು ಕೂರುತ್ತಿದ್ದ ಜಾಗದಲ್ಲಿ ತಾನೂ ಕುಳಿತ. ಮಗಳು ಅವನ ಮುಂದಿನಿಂದಲೇ ಹಾದು ಮನೆಗೆ ಹೋದಳು. ಅವನನ್ನು ಏಳು ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಹೆಗಲ ಗಂಟು ಯಾವಾಗಲೋ ನೆಲಕ್ಕೆ ಇಳಿದಿತ್ತು.

“ವರ್ತಕ ಮೊದಲನೆಯದನ್ನು ಆರಿಸಿಕೊಂಡಿದ್ದರೆ ಆ ಮೂವರು ಬದುಕುತ್ತಿದ್ದರೇ?” ಎಂದು ಅವನು ಮೆಲ್ಲಗೆ ಕೇಳಿದ.

“ಗೊತ್ತಿಲ್ಲ” ಎಂದರು ಗುರುಗಳು, “ಹುಡುಕಲು ಹೋಗುತ್ತಿದ್ದರು.”